ಕುಚ್ಚಿನ ಗಂಟಿಗೆ ಬಿದ್ದ ಮೀನು

ರೆಂಟನ್

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ, ಅಲ್ಲಿನ ಶಿಸ್ತು, ಅಲ್ಲಿನ ದೊಡ್ಡ ದೊಡ್ಡ ಅಂಗಡಿಗಳ ಬಗ್ಗೆ ಹೇಳುತ್ತಾರೆ. ನಾನು ಅದೆಲ್ಲ ನೋಡಲಿಲ್ಲವೆಂದಲ್ಲ. ಸಿಯಾಟಲ್‌ನ ಆ ಹೆಸರಾದ ಗೋಪುರವನ್ನು ಕಾರಿನ ಕಿಟಕಿಯಿಂದ ಎರಡು ಸಲ ನೋಡಿದೆ, ಸಾಕಾಯಿತು. ಎರಡು ತಿಂಗಳಲ್ಲಿ ನಾನು ಅಲ್ಲಿ ಮಾಡಿದ ಘನಕಾರ್ಯ ಒಂದೇ. ಒಂದು ಮೀನು ಹಿಡಿದೆ. ಹಿಡಿದದ್ದನ್ನು ಬಿಟ್ಟೂ ಬಂದೆ. ಅದನ್ನಷ್ಟೇ ಹೇಳುತ್ತೇನೆ, ಉಳಿದದ್ದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಮೈಸೂರಿನ ಶಿವರಾಂಪೇಟೆಯ ಒಂದು ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕಸುಬು. ಇಪ್ಪತ್ತಾರು ವರ್ಷದಿಂದ ಊರಿನ ಅರ್ಧ ಮದುವೆ ಸೀರೆಗಳ ತುದಿ ನನ್ನ ಬೆರಳಿನಿಂದ ಹಾದು ಹೋಗಿದೆ ಎಂದರೆ ಜಂಬ ಎನ್ನಬೇಡಿ. ಹೋದ ವರ್ಷ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಒಳಗೆ ಸ್ಟೀಲಿನ ಪಟ್ಟಿ ಕೂರಿಸಿದರು. ಮಣಿಕಟ್ಟು ಇನ್ನು ಮೊದಲಿನಂತೆ ಬಾಗುವುದಿಲ್ಲ, ಬೆರಳಿನ ಸೂಕ್ಷ್ಮ ಕೆಲಸ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದು ಒಂದು ಸಲ. ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿರುವ ನನ್ನ ತಂಗಿ ವಿಶಾಲ ಅದನ್ನು ಫೋನಿನಲ್ಲಿ ನೂರು ಸಲ ಹೇಳಿದಳು. ಕೊನೆಗೆ ಟಿಕೆಟ್ಟನ್ನೂ ಕಳಿಸಿದಳು. ಎರಡು ತಿಂಗಳು ಬಂದು ರೆಸ್ಟ್ ತಗೋ, ಆಮೇಲೆ ಅಂಗಡಿ ವಿಷಯ ಮಾತಾಡೋಣ ಅಂದಳು.

ರೆಸ್ಟು ಎಂದರೆ ಏನೆಂದು ನನಗೆ ಅಲ್ಲಿ ಹೋದ ಮೂರನೇ ದಿನವೇ ಗೊತ್ತಾಯಿತು. ಬೆಳಿಗ್ಗೆ ಎದ್ದರೆ ಕಾಫಿ ಕೈಗೆ ಬರುತ್ತಿತ್ತು. ಪಾತ್ರೆಯನ್ನು ಮೆಷಿನ್ ತೊಳೆಯುತ್ತಿತ್ತು. ಸೊಪ್ಪು ಬಿಡಿಸೋಣ ಎಂದರೆ ಅದು ಬಿಡಿಸಿಯೇ ಬರುತ್ತಿತ್ತು. ವಿಶಾಲ ನನ್ನನ್ನು ಸೋಫಾದ ಮೇಲೆ ಕೂರಿಸಿ, ಬಲಗೈ ಕೆಳಗೆ ದಿಂಬಿಟ್ಟು, ಅಕ್ಕಪಕ್ಕದ ಮನೆಯವರಿಗೆ ಗಾಜಿನ ಸಾಮಾನು ತೋರಿಸಿದ ಹಾಗೆ ತೋರಿಸುತ್ತಿದ್ದಳು. ಅವಳ ಬೀರುವಿನಲ್ಲಿ ಐದು ರೇಷ್ಮೆ ಸೀರೆಗಳು ಕುಚ್ಚಿಲ್ಲದೆ ಎಳೆ ಬಿಟ್ಟುಕೊಂಡು ನೇತಾಡುತ್ತಿದ್ದವು. ಕೊಡೇ, ಕಟ್ಟಿಕೊಡ್ತೀನಿ ಎಂದೆ. ಕೈ ಮುಗಿದು ಬೀರುವಿನ ಬಾಗಿಲು ಹಾಕಿದಳು.

ನನ್ನ ಸೂಟ್‌ಕೇಸಿನ ತಳದಲ್ಲಿ, ಒಳಲಂಗದ ಮಡಿಕೆಯೊಳಗೆ, ಎಂಟು ಬಣ್ಣದ ರೇಷ್ಮೆ ದಾರದ ಉಂಡೆಗಳು ಇದ್ದವು. ಅವು ಅವಳಿಗೆ ಗೊತ್ತಿರಲಿಲ್ಲ.

ಅವಳ ಗಂಡ ನಾಗೇಶ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. ಮೈಸೂರಿನ ಪಕ್ಕಾ ಸಸ್ಯಾಹಾರಿ ಮನೆಯ ಹುಡುಗ, ವಿಶಾಲಳನ್ನು ಮೆಚ್ಚಿ ಮದುವೆಯಾದವರು. ನಾವು ಬನ್ನೂರಿನ ಕಡೆಯವರು, ಕಾವೇರಿ ದಡದಲ್ಲಿ ಮೀನು ತಿಂದು ಬೆಳೆದವರು. ಇಷ್ಟಿದ್ದೂ ಆ ಮನೆಯಲ್ಲಿ ಮೀನಿನ ಹುಚ್ಚು ಇದ್ದದ್ದು ನಾಗೇಶರಿಗೆ. ಮೂರು ವರ್ಷದಿಂದ ಪ್ರತಿ ಬೇಸಿಗೆಯ ಶನಿವಾರ ಎದೆಮಟ್ಟದ ರಬ್ಬರ್ ಪ್ಯಾಂಟು ಹಾಕಿಕೊಂಡು ಹೋಗಿ ಬ್ರೌನ್ ಟ್ರೌಟ್ ಎಂಬ ಮೀನಿಗಾಗಿ ಹೊಳೆಯಲ್ಲಿ ನಿಲ್ಲುತ್ತಿದ್ದರು. ಹಾಲಿನ ಗೋಡೆಯ ಮೇಲೆ ಅದರದೊಂದು ಚಿತ್ರ ತೂಗುಹಾಕಿದ್ದರು. ಕಂದು ಮೈ, ಮೇಲೆ ಕೆಂಪು ಚುಕ್ಕೆ.

“ಎಷ್ಟು ಹಿಡಿದಿದೀರಿ?” ಎಂದು ಕೇಳಿದೆ.

“ಇನ್ನೂ ಒಂದೂ ಸಿಕ್ಕಿಲ್ಲ ಅಕ್ಕ. ತುಂಬಾ ಜಾಣ ಮೀನು ಅದು.”

“ಸಿಕ್ಕಿದ್ರೆ ಏನ್ಮಾಡ್ತೀರಿ? ನೀವು ತಿನ್ನೋದಿಲ್ಲವಲ್ಲ.”

“ಬಿಟ್ಟುಬಿಡ್ತೀನಿ. ಇಲ್ಲಿ ಎಲ್ಲರೂ ಹಾಗೇ. ಹಿಡಿಯೋದು, ಫೋಟೋ ತೆಗೆಯೋದು, ಬಿಡೋದು.”

ತಿನ್ನದ ಮೇಲೆ ಅದರ ಬಾಯಿಗೆ ಯಾಕೆ ಮುಳ್ಳು ಚುಚ್ಚಬೇಕು ಎಂದು ನಾನು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು. ಉತ್ತರ ಇಲ್ಲದಾಗ ಅವರು ಕನ್ನಡಕ ಒರೆಸಿಕೊಳ್ಳುತ್ತಾರೆ. ಶನಿವಾರ ನಾನೂ ಬರುತ್ತೇನೆ ಎಂದೆ. ಒಳಗಿನಿಂದ ವಿಶಾಲ, “ಅವಳ ಕೈ ಮುರಿದಿದೆ ಕಣ್ರೀ, ಜ್ಞಾಪಕ ಇದೆಯಾ?” ಎಂದು ಕೂಗಿದಳು. ಮುರಿದು ಹತ್ತು ತಿಂಗಳಾಯಿತು, ಈಗ ಕೂಡಿದೆ ಎಂದು ನಾನೂ ಕೂಗಿದೆ.

ನಡುಗವಲು, ಮೊದಲ ಸಲ

ಸ್ನೋಕ್ವಾಲ್ಮಿ ಎಂಬ ಹೊಳೆಗೆ ಬೆಟ್ಟದಲ್ಲಿ ಮೂರು ಕವಲು. ನಾಗೇಶರ ಜಾಗ ನಡುಗವಲಿನಲ್ಲಿ. ನಾನೂರ ಐದನೇ ನಂಬರಿನ ಹೆದ್ದಾರಿಯಲ್ಲಿ ಬಸವನಹುಳುವಿನಂತೆ ತೆವಳಿ, ಆಮೇಲೆ ಬೆಟ್ಟದ ಕಡೆ ತಿರುಗಿದ ಮೇಲೆ ರಸ್ತೆ ಖಾಲಿಯಾಯಿತು. ಕಾಡಿನೊಳಗೆ ಹೋಗುತ್ತಿದ್ದಂತೆ ಫೋನಿನ ಸಿಗ್ನಲ್ಲೂ ಹೋಯಿತು. ಆ ಸಿಗ್ನಲ್ ಹೋದಾಗ ನನಗೆ ಹಾಯೆನಿಸಿತು, ವಿಶಾಲ ಇನ್ನು ಫೋನ್ ಮಾಡುವಂತಿಲ್ಲ.

ಹೊಳೆ ಕಂಡೊಡನೆ ಚಪ್ಪಲಿ ಬಿಟ್ಟು, ವಿಶಾಲಳ ಟ್ರ್ಯಾಕ್ ಪ್ಯಾಂಟನ್ನು ಮೊಣಕಾಲಿನ ತನಕ ಏರಿಸಿ, ಕಾವೇರಿಯಲ್ಲಿ ಇಳಿದ ಹಾಗೆ ಇಳಿದೆ. ಇಳಿದಷ್ಟೇ ವೇಗದಲ್ಲಿ ಹೊರಗೆ ಬಂದೆ. ಜುಲೈ ತಿಂಗಳ ಬಿಸಿಲು ನೆತ್ತಿ ಸುಡುತ್ತಿದೆ, ನೀರು ಮಾತ್ರ ಈಗಷ್ಟೇ ಕರಗಿದ ಮಂಜು. ಕಾಲು ನನ್ನದೋ ಬೇರೆಯವರದೋ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾಗೇಶರು ನಗಲಿಲ್ಲ, ಆ ಮಟ್ಟಿಗೆ ಒಳ್ಳೆಯವರು. ಡಿಕ್ಕಿಯಿಂದ ಇನ್ನೊಂದು ಜೊತೆ ರಬ್ಬರ್ ಪ್ಯಾಂಟು, ಬೂಟು ತೆಗೆದುಕೊಟ್ಟರು.

ಅಪ್ಪ ಮೀನಿಗೆ ಹೋಗುವಾಗ ರಾಗಿ ಮುದ್ದೆ ಕಟ್ಟಿಕೊಂಡು ಹೋಗುತ್ತಿದ್ದರು. ಊಟಕ್ಕೊಂದು, ಗಾಳಕ್ಕೊಂದು. ಗಾಳದ ಮುದ್ದೆಯನ್ನು ಗಟ್ಟಿಯಾಗಿ ತೊಳಸಿ ಇಂಗು ಬೆರೆಸುತ್ತಿದ್ದರು, ವಾಸನೆಗೆ ಮೀನು ಹುಡುಕಿಕೊಂಡು ಬರುತ್ತದೆ ಎಂದು. ನಾನು ಆ ಬೆಳಿಗ್ಗೆ ವಿಶಾಲ ಏಳುವ ಮುಂಚೆ ಎದ್ದು ಅವಳ ಡಬ್ಬಿಯ ರಾಗಿಹಿಟ್ಟಿನಲ್ಲಿ ಅಂಥದೇ ಒಂದು ಮುದ್ದೆ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿದ್ದೆ. ಇಂಗು ಸ್ವಲ್ಪ ಧಾರಾಳವಾಗಿಯೇ ಬಿದ್ದಿತ್ತು. ದಡದ ಬಂಡೆಯ ಮೇಲೆ ಕೂತು ಡಬ್ಬಿ ತೆಗೆದು, ಚಿಟಿಕೆಯಷ್ಟು ಕಿತ್ತು, ಬಟಾಣಿ ಗಾತ್ರಕ್ಕೆ ಉರುಳಿಸತೊಡಗಿದೆ. ನಾಗೇಶರ ಮುಖ ಬಿಳಿಚಿಕೊಂಡಿತು.

“ಅಕ್ಕ, ಅದೇನದು?”

“ಗಾಳಕ್ಕೆ.”

“ಅಯ್ಯೋ, ಈ ಹೊಳೇಲಿ ತಿನ್ನೋ ಪದಾರ್ಥ ಯಾವುದನ್ನೂ ಗಾಳಕ್ಕೆ ಹಾಕೋ ಹಾಗಿಲ್ಲ. ನಾನು ನಿಮಗೆ ಹೇಳ್ಬೇಕಿತ್ತು. ಬರೀ ದಾರ, ಪುಕ್ಕದಲ್ಲಿ ಮಾಡಿದ ನೊಣ ಮಾತ್ರ.”

ಇದು ಯಾವ ನ್ಯಾಯ ಎಂದು ನಾನು ಕೇಳುವುದಕ್ಕೂ ಮರದ ಹಿಂದಿನಿಂದ ಹಸಿರು ಟೋಪಿಯ ಒಬ್ಬ ಅಧಿಕಾರಿ ಬರುವುದಕ್ಕೂ ಸರಿಹೋಯಿತು. ಇಲ್ಲಿ ಹೊಳೆಗೂ ಇನ್‌ಸ್ಪೆಕ್ಟರು ಇರುತ್ತಾರೆ. ನಗುನಗುತ್ತಲೇ ನಮಸ್ಕಾರ ಹೇಳಿ ಲೈಸೆನ್ಸ್ ಕೇಳಿದರು. ನಾಗೇಶರು ಇಬ್ಬರ ಹೆಸರಿನದೂ ತೋರಿಸಿದರು. ಅಧಿಕಾರಿಯ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು, ಆಮೇಲೆ ನನ್ನ ಬೆರಳಿನ ನಡುವಿನ ಉಂಡೆಯ ಮೇಲೆ. ಇದು ಮೀನಿಗಾಗಿಯೇ ಎಂದು ಕೇಳಿದರು.

ಗಾಳ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ನಾನು ಯಾವ ತಪ್ಪನ್ನೂ ಮಾಡಿರಲಿಲ್ಲ, ಮಾಡುವವಳಿದ್ದೆ ಅಷ್ಟೇ. “ನೋ ಸಾರ್, ಲಂಚ್,” ಎಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡೆ. ಅವರು ಇನ್ನೂ ನೋಡುತ್ತಿದ್ದರು. ಇನ್ನೊಂದು ಚೂರು ಕಿತ್ತು ಅದನ್ನೂ ನುಂಗಿದೆ. ಇಂಗಿನ ಘಾಟಿಗೆ ಕಣ್ಣಲ್ಲಿ ನೀರು ಬಂತು. ಬಂದರೂ ನುಂಗಿದೆ. ಯಾವ ಧಾನ್ಯ ಎಂದು ಕೇಳಿದರು, ನಾಗೇಶರು ತಡವರಿಸುತ್ತಾ ವಿವರಿಸಿದರು. ಆರೋಗ್ಯಕ್ಕೆ ಒಳ್ಳೆಯದಿರಬೇಕು ಎಂದು ಹೇಳಿ ಆ ಮನುಷ್ಯ ಮುಂದೆ ಹೋದರು.

ಆ ದಿನ ಆ ಮುದ್ದೆಯನ್ನೆಲ್ಲ ನಾನೇ ತಿಂದು ಮುಗಿಸಬೇಕಾಯಿತು, ಯಾಕೆಂದರೆ ಅಧಿಕಾರಿ ಕೆಳಗಿನ ತಿರುವಿನಲ್ಲೇ ಸುಳಿದಾಡುತ್ತಿದ್ದರು. ನಾಗೇಶರು ನಾಲ್ಕು ಗಂಟೆ ನೀರಲ್ಲಿ ನಿಂತರು. ಏನೂ ಬೀಳಲಿಲ್ಲ. ನನಗೆ ಸಂಜೆಯವರೆಗೆ ಇಂಗಿನ ತೇಗು.

ಬೆಟ್ಟದ ಬುಡದ ಅಂಗಡಿ

ವಾಪಸ್ಸು ಬರುವ ದಾರಿಯಲ್ಲಿ ಬೆಟ್ಟದ ಬುಡದ ಸಣ್ಣ ಊರಿನಲ್ಲಿ ಗಾಳದ ಸಾಮಾನಿನ ಅಂಗಡಿಯೊಂದಿತ್ತು. ನಡೆಸುವವರು ಕ್ಯಾರಲ್ ಎಂಬ ಹೆಂಗಸು, ಎಪ್ಪತ್ತು ದಾಟಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ, ಬೆರಳಿಗೆ ಅಂಟಿನ ಪ್ಲಾಸ್ಟರು. ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ನಾಗೇಶರು ಹೇಳುತ್ತಿದ್ದರು.

ನಾಗೇಶರು ಹೇಳಲು ಹಿಂಜರಿದ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಅರ್ಥಮಾಡಿಕೊಂಡೆ. ನಾಗೇಶರು ಬ್ರೌನ್ ಟ್ರೌಟಿಗೆ ಯಾವ ನೊಣ ಒಳ್ಳೆಯದು ಎಂದು ಕೇಳಿದ್ದಕ್ಕೆ ಕ್ಯಾರಲ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಎಲ್ಲಿ ಹಿಡಿಯುತ್ತಿದ್ದೀರಿ ಎಂದರು. ನಡುಗವಲು ಎಂದರು ಇವರು. ಅಲ್ಲಿ ಬ್ರೌನ್ ಇಲ್ಲವಲ್ಲ ಎಂದರು ಆಕೆ. ಅದು ಯೂರೋಪಿನಿಂದ ತಂದು ಬಿಟ್ಟ ಮೀನಂತೆ, ಬೆಟ್ಟ ದಾಟಿ ಆಚೆ ಹೋದರೆ ಕೆಲವು ಕಡೆ ಉಂಟಂತೆ. ಈ ಹೊಳೆಯಲ್ಲಿರುವುದು ಕಟ್‌ಥ್ರೋಟ್ ಎಂಬ ಇಲ್ಲಿಯದೇ ಟ್ರೌಟ್, ಮತ್ತೆ ರೇನ್‌ಬೋ. ನಾಗೇಶರು ಬೇರೆ ಯಾವುದೋ ರಾಜ್ಯದವರ ವಿಡಿಯೋ ನೋಡಿ, ಅವರು ಹೇಳಿದಂತೆ ಹೊತ್ತು ನೋಡಿ, ಅವರು ಹೇಳಿದ ನೊಣ ಹಾಕಿ, ಇಲ್ಲದ ಮೀನಿಗಾಗಿ ಮೂರು ಬೇಸಿಗೆ ನಿಂತಿದ್ದರು. ಗೋಡೆಗೆ ಚಿತ್ರ ಬೇರೆ.

“ವಿಶಾಲಂಗೆ ಹೇಳ್ಬೇಡಿ ಅಕ್ಕ,” ಎಂದರು ಮೆಲ್ಲಗೆ.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನಗೆ ಆಗ ಅವರ ಮೇಲೆ ಕನಿಕರ ಬಂದಿತ್ತು, ನಿಜ. ಅಷ್ಟರಲ್ಲಿ ನನ್ನ ಕಣ್ಣು ಕ್ಯಾರಲ್ ಅವರ ಮೇಜಿನ ಮೇಲೆ ಬಿದ್ದಿತ್ತು. ಒಂದು ಪುಟ್ಟ ಇಕ್ಕಳದಲ್ಲಿ ಗಾಳ ಸಿಕ್ಕಿಸಿ, ಅದರ ಕಡ್ಡಿಗೆ ದಾರ ಸುತ್ತುತ್ತಾ, ಪುಕ್ಕದ ಎಳೆ ಸೇರಿಸಿ, ಕೊನೆಗೆ ಕತ್ತಿನ ಹತ್ತಿರ ದಾರವನ್ನು ಅದರ ಮೇಲೇ ಮಡಿಸಿ ಎಳೆದು ಗಂಟು ಹಾಕುತ್ತಿದ್ದರು. ನಾನು ಇಪ್ಪತ್ತಾರು ವರ್ಷ ಮಾಡಿದ್ದು ಅದನ್ನೇ. ಕುಚ್ಚಿನ ಕತ್ತನ್ನು ಹಾಗೆಯೇ ಸುತ್ತುತ್ತೇವೆ, ಹಾಗೆಯೇ ದಾರದ ತುದಿಯನ್ನು ಸುತ್ತಿನ ಒಳಗೆ ಎಳೆದು ಮುಚ್ಚುತ್ತೇವೆ. ಸೆರಗಿನ ಕುಚ್ಚನ್ನು ಕಡಲೆ ಗಾತ್ರಕ್ಕೆ ಕುಗ್ಗಿಸಿದರೆ ಅದೇ ಇವರ ನೊಣ.

“ಐ ಡೂ,” ಎಂದೆ. ಆಕೆ ನನ್ನನ್ನು ನೋಡಿದರು, ನನ್ನ ಮಣಿಕಟ್ಟಿನ ಗಾಯದ ಗೆರೆಯನ್ನೂ ನೋಡಿದರು. ಹೊಸಬರಿಗೆ ಇದು ಕಷ್ಟ, ಮೊದಲು ದೊಡ್ಡ ಗಾಳದಲ್ಲಿ ಕಲಿಯಬೇಕು, ತರಗತಿ ಇದೆ ಎಂದೆಲ್ಲ ನಾಗೇಶರಿಗೆ ಹೇಳತೊಡಗಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಮೊದಲನೆಯದು ಬಿಚ್ಚಿಹೋಯಿತು. ಹತ್ತು ತಿಂಗಳಿನಿಂದ ದಾರ ಹಿಡಿಯದ ಬೆರಳು, ಹೆಬ್ಬೆರಳಿನ ತುದಿ ಜೋಮು ಹಿಡಿದಿತ್ತು. ಎರಡನೆಯದರಲ್ಲಿ ಸುತ್ತು ಒಂದರ ಮೇಲೊಂದು ಹತ್ತಿಕೊಂಡವು. ಮೂರನೆಯದನ್ನು ಕಟ್ಟುವಾಗ ನಾನು ಬೆರಳನ್ನು ನೋಡುವುದು ಬಿಟ್ಟು ದಾರವನ್ನು ನೋಡಿದೆ, ಅಂಗಡಿಯಲ್ಲಿ ಹೊಸ ಹುಡುಗಿಯರಿಗೆ ಹೇಳುವ ಹಾಗೆ. ಸುತ್ತು ಒಂದರ ಪಕ್ಕ ಒಂದು ಕೂತಿತು. ಗಂಟು ಬಿಗಿಯಿತು. ಕ್ಯಾರಲ್ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕಿತ್ತು ನೋಡಿದರು. ಬರಲಿಲ್ಲ. ಆಮೇಲೆ ಅಂಗಡಿಯ ಹಿಂದಿನ ಹುಲ್ಲಿನ ಮೇಲೆ ನನ್ನ ಕೈಗೆ ಗಾಳದ ಕೋಲು ಕೊಟ್ಟು ಬೀಸಲು ಹೇಳಿದರು. ಬೀಸಿದೆ. ಅವರು ನನ್ನ ಮಣಿಕಟ್ಟು ಹಿಡಿದು ಬಾಗಿಸಲು ನೋಡಿದರು, ಬಾಗಲಿಲ್ಲ. ಜೋರಾಗಿ ನಕ್ಕರು.

“ಏನಂತೆ?” ಎಂದು ನಾಗೇಶರನ್ನು ಕೇಳಿದೆ.

“ಎಲ್ಲರೂ ಇಲ್ಲಿ ಮಾಡೋ ತಪ್ಪು ಮಣಿಕಟ್ಟು ಬಾಗಿಸೋದಂತೆ. ಬಾಗಬಾರದು ಅಂತ ಕೆಲವರು ಬೆಲ್ಟ್ ಕಟ್ಟಿಕೊಂಡು ಕಲಿತಾರಂತೆ. ನಿಮಗೆ ಒಳಗೇ ಬೆಲ್ಟ್ ಇದೆ ಅಂತಿದಾರೆ.”

ಹತ್ತು ತಿಂಗಳಲ್ಲಿ ನನ್ನ ಕೈ ಬಗ್ಗೆ ಯಾರಾದರೂ ಹೇಳಿದ ಮೊದಲ ಒಳ್ಳೆಯ ಮಾತು ಅದು. ನನಗೆ ಅಳು ಬಂತು. ಇಂಗಿನ ಉರಿ ಇನ್ನೂ ಹೋಗಿಲ್ಲ ಎಂದು ನಾಗೇಶರಿಗೆ ಹೇಳಿದೆ.

ಬೆಲ್ವ್ಯೂ

ಮುಂದಿನ ವಾರ ಪಕ್ಕದ ಊರು ಬೆಲ್ವ್ಯೂವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರ ಊಟದ ಕೂಟ. ಒಬ್ಬೊಬ್ಬರು ಒಂದೊಂದು ಅಡುಗೆ ತರುವುದು ಅಲ್ಲಿನ ಪದ್ಧತಿ. ಹನ್ನೆರಡು ಮನೆಯವರು ಬಂದಿದ್ದರು, ಅದರಲ್ಲಿ ಐದು ಮನೆಯವರು ಬಿಸಿಬೇಳೆಬಾತ್ ತಂದಿದ್ದರು. ಮಕ್ಕಳನ್ನು ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಹೇಳಿ ಓಡುತ್ತಿದ್ದವು. ದೊಡ್ಡವರು ನನ್ನ ಕೈ ನೋಡಿ ಸಲಹೆ ಕೊಡಲು ಸಾಲಾಗಿ ಬಂದರು. ಒಬ್ಬರು ಎಣ್ಣೆ ಹೇಳಿದರು, ಒಬ್ಬರು ಯೋಗ ಹೇಳಿದರು.

ಮೈಸೂರಿನವರೇ ಆದ ಒಬ್ಬ ಹೆಂಗಸು ನನ್ನ ಪಕ್ಕ ಕೂತು, “ಬಿಡಿ ಆಂಟಿ, ಇಷ್ಟು ವರ್ಷ ದುಡಿದಿದ್ದು ಸಾಕು. ಅಂಗಡಿ ಖಾಲಿ ಮಾಡ್ತಿದೀರಂತಲ್ಲ, ವಿಶಾಲ ಹೇಳಿದ್ರು. ಒಳ್ಳೇ ಡಿಸಿಷನ್,” ಎಂದರು.

ನನ್ನ ಕೈಯ ಚಮಚ ತಟ್ಟೆಗೆ ಬಿತ್ತು. ವಿಶಾಲ ಆ ಕೋಣೆಯ ಇನ್ನೊಂದು ಮೂಲೆಯಿಂದ ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಯಿತು ನನಗೆ ಗೊತ್ತಾಯಿತೆಂದು.

ಕಾರಿನಲ್ಲಿ, ಫ್ಯಾಕ್ಟೋರಿಯಾ ಎಂಬ ಕಡೆ ರಸ್ತೆ ಸಿಗ್ನಲ್ಲಿನಲ್ಲಿ ನಿಂತಾಗ ವಿಶಾಲಳನ್ನು ಕೇಳಿದೆ. “ಯಾರಿಗೆ ಏನು ಹೇಳಿದೀಯ?”

“ನಿನ್ನ ಅಂಗಡಿ ಕಟ್ಟಡದ ಓನರ್ ಫೋನ್ ಮಾಡಿದ್ರು. ಪಕ್ಕದ ಟೈಲರ್‌ಗೆ ಜಾಗ ಬೇಕಂತೆ. ನಿಮ್ಮಕ್ಕ ಮತ್ತೆ ಬಂದು ನಡೆಸ್ತಾರಾ ಅಂದ್ರು. ಬಿಡ್ತಾಳೆ ಅಂದೆ. ಸೋಮವಾರ ಮಂಗಳನ ಹತ್ರ ಬೀಗದ ಕೈ ಇಸ್ಕೊಳ್ತಾರೆ.”

ಮಂಗಳ ನನ್ನ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇರುವವಳು. ಈ ಹತ್ತು ತಿಂಗಳು ಬಾಗಿಲು ತೆರೆದಿಟ್ಟವಳು ಅವಳೇ.

“ನನ್ನ ಒಂದು ಮಾತು ಕೇಳಲಿಲ್ಲ ನೀನು.”

“ಕೇಳಿದ್ರೆ ನೀನು ಬೇಡ ಅಂತಿದ್ದೆ. ಆಸ್ಪತ್ರೇಲಿ ನೀನೊಬ್ಬಳೇ ಇದ್ದಾಗ ನಾನು ಇಲ್ಲಿ ಹೇಗಿದ್ದೆ ಗೊತ್ತಾ ನಿನಗೆ? ಆ ಕೈಯಲ್ಲಿ ನೀನು ಏನು ಕಟ್ತೀಯ ಅಕ್ಕ, ಹೇಳು.”

ಸಿಗ್ನಲ್ ಹಸಿರಾಯಿತು. ನಾಗೇಶರು ಕಾರು ಬಿಡುವುದಕ್ಕೆ ಮುಂಚೆ ಒಂದು ಸಲ ಕನ್ನಡಕ ಒರೆಸಿಕೊಂಡರು. ಅವಳ ಪ್ರಶ್ನೆಗೆ ನನ್ನಲ್ಲೂ ಉತ್ತರ ಇರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು. ಒಂದು ಗಂಟು ಬಿಗಿದರೆ ಸಾಕೇ? ಸೀರೆಗೆ ಬೇಕಾದದ್ದು ನೂರು ಗಂಟು. ಭಾನುವಾರ ನಡುಗವಲಿಗೆ ಮತ್ತೆ ಹೋಗೋಣ ಎಂದು ನಾಗೇಶರಿಗೆ ಹೇಳಿದೆ. ಕೈ ಏನು ತಾಳುತ್ತದೆ, ಏನು ತಾಳುವುದಿಲ್ಲ ಎಂದು ಸೋಮವಾರದ ಒಳಗೆ ನನಗೆ ಗೊತ್ತಾಗಬೇಕಿತ್ತು. ತಾಳದಿದ್ದರೆ ಬೀಗದ ಕೈ ಕೊಡುತ್ತೇನೆ, ನಾನೇ ಫೋನ್ ಮಾಡಿ ಕೊಡಿಸುತ್ತೇನೆ ಎಂದು ವಿಶಾಲಳಿಗೂ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಊಟದ ಮೇಜು

ಶನಿವಾರ ಮಧ್ಯಾಹ್ನ ಸೂಟ್‌ಕೇಸಿನ ತಳದಿಂದ ದಾರದ ಉಂಡೆಗಳನ್ನು ತೆಗೆದು ಎಲ್ಲರ ಎದುರಿಗೇ ಊಟದ ಮೇಜಿನ ಮೇಲೆ ಸುರಿದೆ. ಕ್ಯಾರಲ್ ಅವರ ಮೇಜಿನ ಮೇಲಿದ್ದಂಥ ಪುಟ್ಟ ಇಕ್ಕಳ ನಮ್ಮಲ್ಲಿರಲಿಲ್ಲ. ನಾಗೇಶರ ಟೂಲ್ ಬಾಕ್ಸಿನ ಇಕ್ಕಳದ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಬಾಯಲ್ಲಿ ಗಾಳ ಕಚ್ಚಿಸಿ, ಎರಡು ದಪ್ಪ ಪುಸ್ತಕದ ನಡುವೆ ನಿಲ್ಲಿಸಿದೆ. ಕಂದು ರೇಷ್ಮೆ ಸುತ್ತಿದೆ. ಮೈಗೆ ಹೊಳಪು ಬೇಕಿತ್ತು. ಕ್ಯಾರಲ್ ನವಿಲುಗರಿಯ ಎಳೆ ಹಾಕುತ್ತಿದ್ದರು.

ವಿಶಾಲಳ ದೇವರ ಗೂಡಿನಲ್ಲಿ ಕೃಷ್ಣನ ಹಿಂದೆ ಒಂದು ನವಿಲುಗರಿ ಇತ್ತು. ಅದರ ಬುಡದಿಂದ ಆರು ಎಳೆ ಕಿತ್ತೆ. ಗರಿಯ ಕಣ್ಣಿಗೆ ಕೈ ಹಚ್ಚಲಿಲ್ಲ.

“ದೇವರ ಗರಿ ಕಿತ್ತು ಮೀನಿನ ಗಾಳಕ್ಕಾ?” ವಿಶಾಲ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

“ಕೃಷ್ಣ ಏನೂ ಅನ್ನಲಿಲ್ಲ. ನೀನೇ ಅನ್ನುತ್ತಿರೋದು.”

“ನಿನಗೆ ಯಾರ ಮಾತೂ ಬೇಡ ಅಲ್ವಾ? ಡಾಕ್ಟರ್ ಮಾತು ಬೇಡ, ನನ್ನ ಮಾತು ಬೇಡ.”

“ನಿನ್ನ ಮಾತು ಬೇಕು. ನನ್ನ ಬದಲಿಗೆ ನೀನು ಮಾತಾಡೋದು ಬೇಡ.”

ಅವಳು ಸೌಟನ್ನು ಸಿಂಕಿಗೆ ಎಸೆದಳು. ನಾನು ಸುತ್ತುವುದನ್ನು ನಿಲ್ಲಿಸಲಿಲ್ಲ. ಸಂಜೆಯ ಹೊತ್ತಿಗೆ ಮೂರು ನೊಣಗಳಾದವು. ಅವುಗಳಲ್ಲಿ ಒಂದು ನಿಜಕ್ಕೂ ಚೆನ್ನಾಗಿತ್ತು, ಒಂದು ಪರವಾಗಿಲ್ಲ, ಒಂದು ಮದುವೆಮನೆಯಲ್ಲಿ ಮಲಗಿ ಎದ್ದವನ ಜುಟ್ಟಿನಂತಿತ್ತು. ನಾಗೇಶರು ಗಾಳಗಳ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರು, ಅದೂ ಅಲ್ಲಿನ ಕಾನೂನು. ಬಂದ ಮೀನು ಸುಲಭವಾಗಿ ಬಿಡಿಸಿಕೊಂಡು ಹೋಗಲಿ ಎಂದು.

ನಡುಗವಲು, ಎರಡನೇ ಸಲ

ಭಾನುವಾರ ಬೆಳಿಗ್ಗೆ ವಿಶಾಲ ಹೊರಗೆ ಬರಲಿಲ್ಲ. ಡಬ್ಬಿಗೆ ಮಾತ್ರ ಚಪಾತಿ ಹಾಕಿಟ್ಟಿದ್ದಳು.

ದೊಡ್ಡ ಬಂಡೆಯೊಂದರ ಹಿಂದೆ ನೀರು ಸುತ್ತಿ ನಿಧಾನವಾಗುವ ಕಡೆ ನಿಂತೆವು. ಅಪ್ಪ ಕಾವೇರಿಯಲ್ಲಿ ಹುಡುಕುತ್ತಿದ್ದುದೂ ಅಂಥ ಜಾಗವನ್ನೇ. ಓಡುವ ನೀರಿನ ಪಕ್ಕದಲ್ಲಿ ಕೂತು ಉಣ್ಣುವ ಜಾಗ ಎನ್ನುತ್ತಿದ್ದರು. ನಾಗೇಶರು ಹತ್ತು ಗಜ ಕೆಳಗೆ ನಿಂತರು. ಬ್ರೌನ್ ಟ್ರೌಟಿನ ಮಾತು ಅವರು ಆ ದಿನ ಎತ್ತಲಿಲ್ಲ.

ಜುಟ್ಟಿನ ನೊಣವನ್ನು ಮೊದಲನೇ ಬೀಸಿಗೇ ಹಿಂದಿನ ಮರದ ಕೊಂಬೆಗೆ ಒಪ್ಪಿಸಿದೆ. ಎರಡನೆಯದು ಒಂದು ಗಂಟೆ ಈಜಿತು. ಆಮೇಲೆ ಕಲ್ಲಿನ ಸಂದಿಗೆ ಸಿಕ್ಕಿ ಅಲ್ಲೇ ಉಳಿಯಿತು. ಕೋಲು ಬೀಸಿ ಬೀಸಿ ಮೊಣಕೈವರೆಗೆ ನೋವು ಏರಿತ್ತು. ಹೆಬ್ಬೆರಳು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕಿತ್ತು.

“ಸಾಕು ಅಕ್ಕ. ವಿಶಾಲ ನನ್ನನ್ನ ಬಯ್ತಾಳೆ.”

“ಬೈಸಿಕೊಳ್ಳಿ.”

ಕೊನೆಯ ನೊಣವನ್ನು ದಾರಕ್ಕೆ ನಾನೇ ಕಟ್ಟಿದೆ. ನಾಗೇಶರು ವಿಡಿಯೋದಲ್ಲಿ ಕಲಿತ ಗಂಟು ಹಾಕಿಕೊಡುತ್ತೇನೆ ಎಂದರು, ಬೇಡ ಎಂದೆ. ಕುಚ್ಚಿಗೆ ಮಣಿ ಸೇರಿಸುವಾಗ ಹಾಕುವ ಗಂಟೊಂದಿದೆ, ಎಳೆದಷ್ಟೂ ಬಿಗಿಯುವುದು. ಅದನ್ನು ಹಾಕಿ, ಹಲ್ಲಿನಿಂದ ಎಳೆದು, ಎಂಜಲು ಹಚ್ಚಿದೆ. ಬೀಸಿದೆ. ನವಿಲಿನ ಹಸಿರು ನೀರಿನ ಮೇಲೆ ಕೂತು ಬಂಡೆಯ ಪಕ್ಕ ಸುತ್ತಿಕೊಂಡು ಬಂತು. ಮತ್ತೆ ಬೀಸಿದೆ. ಎಷ್ಟು ಸಲವೋ ಲೆಕ್ಕವಿಲ್ಲ.

ನೀರು ಒಂದು ಕಡೆ ಸ್ವಲ್ಪ ಉಬ್ಬಿತು, ಅಷ್ಟೇ ನೋಡಿದ್ದು. ಕೋಲು ಬಾಗಿತು. ಅದರ ಎಳೆತ ಅಂಗೈಯಿಂದ ಹಾದು, ಸ್ಟೀಲಿನ ಪಟ್ಟಿಯ ಮೇಲೆ ನಿಂತು, ಭುಜಕ್ಕೆ ಹೋಯಿತು. ನೋವಿಗೆ ಬಾಯಿ ಬಿಟ್ಟೆ. ಕೈ ಬಿಡಲಿಲ್ಲ. ಹಿಮ್ಮುಳ್ಳಿಲ್ಲದ ಗಾಳ, ದಾರ ಒಂದು ಕ್ಷಣ ಸಡಿಲವಾದರೆ ಮೀನು ಹೋಯಿತು ಎಂದು ಕ್ಯಾರಲ್ ಹೇಳಿದ್ದರು. ಮಣಿಕಟ್ಟು ಬಾಗಿಸಬೇಕೆಂದರೂ ಬಾಗದು, ಹಾಗಾಗಿ ದಾರ ಸಡಿಲವಾಗಲಿಲ್ಲ. ಮೀನು ಬಂಡೆಯ ಹಿಂದಕ್ಕೆ ಎಳೆಯಿತು, ನಾನು ಈಚೆಗೆ ಎಳೆದೆ. ನಾಗೇಶರು ನೀರಿನಲ್ಲಿ ಎಡವುತ್ತಾ ಬಂದು ಕೈಬಲೆ ಒಡ್ಡಿದರು.

ಗೇಣುದ್ದದ ಮೀನು. ಹೊನ್ನು ಬೆರೆತ ಹಸಿರು ಮೈ, ಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ. ದವಡೆಯ ಕೆಳಗೆ ಎರಡೂ ಕಡೆ ಕುಂಕುಮ ಎಳೆದಂತೆ ಒಂದೊಂದು ಗೆರೆ. ಅದಕ್ಕೇ ಅದನ್ನು ಕಟ್‌ಥ್ರೋಟ್, ಅಂದರೆ ಕತ್ತು ಸೀಳಿದ ಮೀನು ಎನ್ನುತ್ತಾರಂತೆ, ಎಂಥ ಕೆಟ್ಟ ಹೆಸರು.

“ಅಕ್ಕ, ನೀವು ಹಿಡಿದುಬಿಟ್ರಿ,” ಎಂದರು ನಾಗೇಶ. ಒಂದು ಕೈಯಲ್ಲಿ ಬಲೆ ಹಿಡಿದೇ ಫೋನ್ ತೆಗೆದು ವಿಡಿಯೋ ಮಾಡತೊಡಗಿದರು. ಮೂರು ವರ್ಷದಲ್ಲಿ ಅವರು ಹತ್ತಿರದಿಂದ ನೋಡಿದ ಮೊದಲ ಮೀನು ಅದು.

ನನಗೆ ಬಿಡಲು ಇಷ್ಟವಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಹುಣಿಸೆ ಹಾಕಿ, ಕೊತ್ತಂಬರಿ ಬೀಜ ಹುರಿದು ಅರೆದು, ಮಡಕೆಯಲ್ಲಿ ಕುದಿಸಿದರೆ ಅದು ಎಂಥ ಸಾರಾಗುತ್ತಿತ್ತು ಎಂದು ನನಗೆ ಗೊತ್ತು. ಹಿಡಿದದ್ದನ್ನು ಬಿಟ್ಟುಬಂದೆ ಎಂದರೆ ಅಪ್ಪ ಮನೆ ಒಳಗೆ ಸೇರಿಸುತ್ತಿರಲಿಲ್ಲ. ಆದರೆ ಆ ಹೊಳೆ ನನ್ನದಲ್ಲ, ಅಲ್ಲಿನವರ ಕಾನೂನು ಅಲ್ಲಿನವರದು. ಕೈ ಒದ್ದೆ ಮಾಡಿಕೊಂಡು, ಬಾಯಿಂದ ಗಾಳ ಬಿಡಿಸಿ, ನೀರಿನಲ್ಲಿ ಹಿಡಿದೆ. ಎರಡು ಸಲ ಕಿವಿರು ಆಡಿಸಿ ಹೋಯಿತು. ತಿರುಗಿಯೂ ನೋಡಲಿಲ್ಲ.

ಕೈಯಲ್ಲಿ ಉಳಿದದ್ದು ನೊಣ. ನವಿಲಿನ ಎಳೆಯನ್ನು ಮೀನು ಹಲ್ಲಿನಿಂದ ಹರಿದುಹಾಕಿತ್ತು. ಗಂಟು ಮಾತ್ರ ಹಾಗೇ ಇತ್ತು. ಉಗುರು ಹಾಕಿ ಕೀಳಲು ನೋಡಿದೆ, ಬರಲಿಲ್ಲ.

ಮತ್ತೆ ರೆಂಟನ್

ಕಾಡಿನಿಂದ ಹೊರಗೆ ಬಂದು ಸಿಗ್ನಲ್ ಸಿಕ್ಕೊಡನೆ ಕಾರು ಪಕ್ಕಕ್ಕೆ ಹಾಕಿಸಿ ಮಂಗಳಳಿಗೆ ಫೋನ್ ಮಾಡಿದೆ. ನಮ್ಮಲ್ಲಿ ಭಾನುವಾರದ ಸಂಜೆ, ಅವಳಿರುವ ಕಡೆ ಸೋಮವಾರದ ಬೆಳಗು. ಹಾಲು ಕಾಯಿಸುತ್ತಿದ್ದಳು.

“ಬೀಗದ ಕೈ ಯಾರಿಗೂ ಕೊಡಬೇಡ. ಹತ್ತು ಗಂಟೆಗೆ ಬಾಗಿಲು ತೆಗಿ.”

“ವಿಶಾಲಕ್ಕ ಬೇರೆ ಥರ ಹೇಳಿದ್ರು.”

“ಅಂಗಡಿ ವಿಶಾಲಂದಲ್ಲ, ನಂದು.”

“ಕೈ ಹೇಗಿದೆ ಅಕ್ಕ?”

“ನೋಯ್ತಿದೆ. ನೂರು ಗಂಟು ಒಂದೇ ದಿನ ಆಗಲ್ಲ ಇನ್ನು. ನೀನು ಎಂಬತ್ತು ಹಾಕು, ನಾನು ಇಪ್ಪತ್ತು ಹಾಕ್ತೀನಿ.”

ಆಮೇಲೆ ಓನರಿಗೂ ಮಾಡಿದೆ. ನಿದ್ದೆಗಣ್ಣಲ್ಲಿ ಎತ್ತಿದರು. ನನ್ನ ತಂಗಿ ಹೇಳಿದ್ದನ್ನು ಮರೆತುಬಿಡಿ, ಮುಂದಿನ ತಿಂಗಳು ಬರುತ್ತಿದ್ದೇನೆ ಎಂದೆ. ಅವರು ಏನೋ ಗೊಣಗಿದರು. ಗೊಣಗಲಿ.

ಮನೆಗೆ ಬಂದಾಗ ವಿಶಾಲ ಮುದ್ದೆ ತೊಳಸುತ್ತಿದ್ದಳು. ನಾಗೇಶರು ವಿಡಿಯೋ ತೋರಿಸಿದರು. ಕೈ ಒರೆಸಿಕೊಂಡು ಎರಡು ಸಲ ನೋಡಿದಳು. ಗೋಡೆಯ ಮೇಲಿನ ಚಿತ್ರಕ್ಕೂ ಈ ಮೀನಿಗೂ ಹೋಲಿಕೆಯಿಲ್ಲವಲ್ಲ ಎಂದಷ್ಟೇ ಕೇಳಿದಳು. ನಾಗೇಶರು ಕನ್ನಡಕ ತೆಗೆದರು. ನಾನು ಮಾತು ಕೊಟ್ಟಿದ್ದೆ, ಬಾಯಿ ಬಿಡಲಿಲ್ಲ.

ಊಟಕ್ಕೆ ಕೂತಾಗ ನನ್ನ ಬಲಗೈ ಮೇಜಿನಿಂದ ಮೇಲೇಳಲಿಲ್ಲ. ಊದಿತ್ತು. ಎಷ್ಟು ಪ್ರಯತ್ನಪಟ್ಟರೂ ಬೆರಳು ಮಡಚಲಿಲ್ಲ. ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ, ಎಡಗೈಯನ್ನು ತಟ್ಟೆಗೆ ಹಾಕಿದೆ. ಎಡಗೈಗೆ ಮುದ್ದೆ ಮುರಿಯಲು ಬರುವುದಿಲ್ಲ, ಅದು ತಟ್ಟೆಯ ತುಂಬ ಜಾರುತ್ತಿತ್ತು. ವಿಶಾಲ ನೋಡುತ್ತಿದ್ದಳು. ನಾನು ಹೇಳಲಿಲ್ಲವಾ ಎಂದು ಅವಳು ಅಂದರೆ ನಾನು ಏಳುವವಳೇ.

ಅವಳು ಅನ್ನಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನನ್ನ ತಟ್ಟೆಯ ಮುದ್ದೆಯನ್ನು ಚಿಟಿಕೆ ಚಿಟಿಕೆಯಾಗಿ ಕಿತ್ತು, ಉರುಳಿಸಿ, ಸಾರಿನಲ್ಲಿ ಸಾಲಾಗಿ ಇಡತೊಡಗಿದಳು. ಅಪ್ಪ ಗಾಳಕ್ಕೆ ಮಾಡುತ್ತಿದ್ದಷ್ಟೇ ಗಾತ್ರದ ಉಂಡೆಗಳು. ಅವಳಿಗೂ ಅದು ನೆನಪಿತ್ತೆಂದು ನನಗೆ ಆಗ ತಿಳಿಯಿತು.

“ಓನರ್‌ಗೆ ನಾಳೆ ಫೋನ್ ಮಾಡ್ತೀಯಾ?” ಎಂದಳು, ತಟ್ಟೆಯಿಂದ ಕಣ್ಣೆತ್ತದೆ.

“ಆಗ್ಲೇ ಮಾಡಿದೆ.”

ಅವಳು ಇನ್ನೊಂದು ಉಂಡೆ ಉರುಳಿಸಿದಳು. ಮೊದಲನೇ ಉಂಡೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಅವಳ ಮುಖ ನೋಡಿದೆ.

“ಇದರೊಳಗೆ ಗಾಳ ಇಲ್ಲ ತಾನೇ?”

“ಸುಮ್ನೆ ತಿನ್ನು,” ಎಂದಳು ನನ್ನ ತಂಗಿ. “ಆ ಕೈ ಊತ ಇಳಿದ ಮೇಲೆ ಬೀರುವಿನಲ್ಲಿ ಐದು ಸೀರೆ ಇವೆ.”